ನಮ್ಮ ತೋಟದ ಬಾಟಲಿಗೆ ಊಟದ ಮೇಜಿನ ಮೇಲೆ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ಫೆಬ್ರುವರಿಯಲ್ಲಿ ನಮ್ಮ ಮದುವೆಗೆ ಮೂವತ್ತು ವರ್ಷ ತುಂಬಿತು. ಮಗಳು ಇಂದಿರಾನಗರದ ಒಂದು ರೆಸ್ಟೋರೆಂಟ್‌ನಲ್ಲಿ ರಾತ್ರಿಯ ಊಟಕ್ಕೆ ಮೇಜು ಕಾಯ್ದಿರಿಸಿದಳು. ನಾನು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ವೈನ್ ದ್ರಾಕ್ಷಿ ಬೆಳೆಯುವ ರೈತ. ಮಕ್ಕಳ ಓದಿಗೆಂದು ಯಲಹಂಕ ಉಪನಗರದಲ್ಲಿ ಮನೆ ಮಾಡಿದ್ದರೂ ವಾರದಲ್ಲಿ ನಾಲ್ಕು ದಿನ ತೋಟದಲ್ಲೇ ಇರುತ್ತೇನೆ. 2019ರಲ್ಲಿ ನಮ್ಮ ತೋಟದಿಂದ ಹೋದ ಶಿರಾಜ್ ಎಂಬ ಕೆಂಪು ವೈನ್ ತಳಿಯ ಹಣ್ಣು ಬೆರೆತ ವೈನ್‌ನ ಆರು ಬಾಟಲಿಗಳನ್ನು ಆಮೇಲೆ ಅದನ್ನು ತಯಾರಿಸಿದ ವೈನರಿಯ ಮಾರಾಟ ಮಳಿಗೆಯಲ್ಲೇ ಬಿಲ್ ಪಡೆದು ಕೊಂಡು ತಂದಿದ್ದೆ. ಒಂದಕ್ಕೆ 890 ರೂಪಾಯಿ. ಮೊದಲು ಆಲೂಗಡ್ಡೆ ಮೂಟೆ ಇಡುತ್ತಿದ್ದ ನಮ್ಮ ಹಳೆಯ ಮನೆಯ ಕತ್ತಲೆ ಕೋಣೆಯಲ್ಲಿ, ಮರಳಿನ ಮೇಲೆ, ಅಡ್ಡಲಾಗಿ ಮಲಗಿಸಿ ಇಟ್ಟಿದ್ದೆ. ಅದರಲ್ಲೊಂದನ್ನು ಆ ರಾತ್ರಿ ತೆಗೆದುಕೊಂಡು ಹೋಗಬೇಕೆಂಬುದು ನನ್ನ ಆಸೆ. ಆ ಬಳ್ಳಿಗಳು ಎಳೆಯವಾಗಿದ್ದಾಗ ಅವನ್ನು ಒಂದೊಂದಾಗಿ ತಂತಿಗೆ ಕಟ್ಟಿದವಳು ನನ್ನ ಹೆಂಡತಿ.

ಮುಂಚಿತವಾಗಿ ದೂರವಾಣಿ ಮಾಡಿ ಕೇಳಿದೆ. 'ತರಬಹುದು ಸರ್, ಕಾರ್ಕೇಜ್ ಇರುತ್ತದೆ' ಎಂದರು. ಎಷ್ಟು ಎಂದು ಕೇಳಿದ್ದಕ್ಕೆ 'ಹೆಚ್ಚೇನಿಲ್ಲ, ಬನ್ನಿ' ಎಂಬ ಉತ್ತರ ಬಂತು. ಕಾರ್ಕೇಜ್ ಎಂದರೆ ನಾವು ತಂದ ಬಾಟಲಿಯನ್ನು ತೆರೆದು, ಲೋಟ ಕೊಟ್ಟು, ಬಡಿಸುವುದಕ್ಕೆ ಹೋಟೆಲಿನವರು ಪಡೆಯುವ ಶುಲ್ಕ. ಅದನ್ನು ಕೊಡಲು ನನ್ನದೇನೂ ತಕರಾರಿರಲಿಲ್ಲ.

ನಾವು ಹೋಗಿ ಕುಳಿತ ಮೇಲೆ ವ್ಯವಸ್ಥಾಪಕರು ಬಂದು ಬಾಟಲಿಯನ್ನು ಮೇಜಿನ ಮೇಲೆ ಇಡಬೇಡಿ ಎಂದರು. ಅಬಕಾರಿಯವರು ಬಂದರೆ ತೊಂದರೆ ಎಂದು ತಗ್ಗಿದ ದನಿಯಲ್ಲಿ ಹೇಳಿ, ಅದನ್ನು ಬಿಳಿ ಕರವಸ್ತ್ರದಲ್ಲಿ ಸುತ್ತಿ ಒಳಗೆ ಕೊಂಡೊಯ್ದರು. ನನ್ನ ಹೆಂಡತಿಯ ಮುಖ ಸಣ್ಣದಾಯಿತು. 'ರೀ, ನಾವೇನಾದರೂ ತಪ್ಪು ಮಾಡಿದೆವೇ?' ಎಂದು ಕೇಳಿದಳು. ಸರ್ಕಾರಕ್ಕೆ ತೆರಿಗೆ ಕಟ್ಟಿ ಕೊಂಡ, ನಮ್ಮದೇ ಮಣ್ಣಿನ ಹಣ್ಣಿನ ರಸವನ್ನು ಕಳ್ಳಮಾಲಿನ ಹಾಗೆ ಬಚ್ಚಿಡಬೇಕಾದ ಆ ಗಳಿಗೆಯೇ ನಾನು ಈ ಪತ್ರ ಬರೆಯಲು ಕಾರಣ.

ಬಾಟಲಿ ತೆರೆಯಲು ಬಂದವನು ಇಪ್ಪತ್ತೆರಡು ವರ್ಷದ ಹುಡುಗ. ಅರಸೀಕೆರೆ ಕಡೆಯವನು. ಅವನಿಗೆ ಆ ಕೆಲಸವನ್ನು ಯಾರೂ ಸರಿಯಾಗಿ ಕಲಿಸಿರಲಿಲ್ಲ. ತಿರುಪನ್ನು ಕಾರ್ಕಿನ ನಡುವೆ ನೆಡದೆ ಅಂಚಿಗೆ ನೆಟ್ಟ. ಆರು ವರ್ಷದ ಕಾರ್ಕು, ಅರ್ಧ ಮೇಲೆ ಬಂದು ಅರ್ಧ ಕುತ್ತಿಗೆಯಲ್ಲೇ ಉಳಿಯಿತು. ಹುಡುಗನ ಕೈ ನಡುಗಿತು. ಗಾಬರಿಯಾಗಬೇಡಪ್ಪ ಎಂದು ಹೇಳಿ, ತಿರುಪನ್ನು ಓರೆಯಾಗಿ ಇಳಿಸಿ, ಗಾಜಿನ ಕಡೆಗೆ ಒತ್ತಿ ಹಿಡಿದು, ಬಾಟಲಿಯನ್ನು ತಿರುಗಿಸುತ್ತ ಎಳೆಯುವುದನ್ನು ತೋರಿಸಿಕೊಟ್ಟೆ. ಉಳಿದ ತುಂಡು ಬಂತು, ಜೊತೆಗೆ ಒಂದಿಷ್ಟು ಪುಡಿ ಒಳಗೆ ಉದುರಿತು. ಅಡುಗೆಮನೆಯಿಂದ ಟೀ ಸೋಸುವ ಜಾಲರಿ ತರಿಸಿ ಸೋಸಿದೆವು. ಲೋಟಕ್ಕೆ ಬಿದ್ದಾಗ ಅಂಚಿನಲ್ಲಿ ಇಟ್ಟಿಗೆಯ ಬಣ್ಣ, ನಡುವೆ ನೇರಳೆ ಹಣ್ಣಿನ ಕಪ್ಪು. ಮೂಗಿಗೆ ಕಾಳುಮೆಣಸು, ಒಣಗಿದ ಅಂಜೂರ, ಆಮೇಲೆ ಹೊಸ ಮಳೆ ಬಿದ್ದ ಕೆಮ್ಮಣ್ಣು. ನನ್ನ ಹೆಂಡತಿ ಎಂದೂ ಕುಡಿದವಳಲ್ಲ. ಎರಡು ಗುಟುಕು ಕುಡಿದು, 'ನಮ್ಮ ಮೇಲಿನ ಹೊಲದ್ದಾ?' ಎಂದು ಕೇಳಿದಳು. ಹೌದು, ಮೇಲಿನ ಹೊಲದ್ದೇ.

ಕೊನೆಗೆ ಬಂದ ಬಿಲ್ಲಿನಲ್ಲಿ ಬಾಟಲಿ ತೆರೆದದ್ದಕ್ಕೆ 2,000 ರೂಪಾಯಿ ಬರೆದಿತ್ತು. 890 ರೂಪಾಯಿಯ ವೈನಿಗೆ, ಅದೂ ಕಾರ್ಕು ಮುರಿದ ಸೇವೆಗೆ. ಆ ಮೊತ್ತ ಅವರ ಮೆನು ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಕೊಟ್ಟು ಬಂದೆವು. ಮಗಳ ಸಂತೋಷದ ದಿನ ಜಗಳ ಬೇಡವೆನಿಸಿತು.

ಇದನ್ನು ಕೇವಲ ನನ್ನ ಕುಟುಂಬದ ಅಹವಾಲು ಎಂದು ಓದುಗರು ಭಾವಿಸಬಾರದು. ಬೆಂಗಳೂರಿನ ಸುತ್ತ ದ್ರಾಕ್ಷಿ ಉಳಿಯಬೇಕೋ ಬೇಡವೋ ಎಂಬ ಪ್ರಶ್ನೆಗೂ ಇದಕ್ಕೂ ನಂಟಿದೆ.

ನಮ್ಮ ತಂದೆ ಬೆಳೆಯುತ್ತಿದ್ದುದು ಬೆಂಗಳೂರು ನೀಲಿ. ದಪ್ಪ ಸಿಪ್ಪೆ, ಬೆರಳಿನಲ್ಲಿ ಒತ್ತಿದರೆ ತಿರುಳು ಜಾರಿ ಹೊರಬರುವ ಹಣ್ಣು. ಅದರ ವಾಸನೆಯೊಂದು ಕೋಣೆಯಲ್ಲಿದ್ದರೆ ಬೀದಿಗೆ ತಿಳಿಯುತ್ತದೆ. ಈ ತಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ವರ್ಷಕ್ಕೆ ಎರಡು ಬೆಳೆ ಬರುತ್ತಿತ್ತು. ಚಪ್ಪರದ ಕೆಳಗೆ ಬಗ್ಗಿ ನಡೆದು ಕಿತ್ತು, ಮಂಕರಿಯಲ್ಲಿ ತುಂಬಿ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಕಳುಹಿಸುತ್ತಿದ್ದೆವು. ಬೆಂಗಳೂರಿನ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಭರಣಿಯಲ್ಲಿ ಹಾಕುತ್ತಿದ್ದ ವೈನ್ ಈ ಹಣ್ಣಿನದೇ. ಬೆಲೆ ಬಿದ್ದ ವರ್ಷ ಮಾತ್ರ ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ. ನಂದಿ ಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ತಳಿಗಳನ್ನು ನೆಟ್ಟು, 1990ರ ದಶಕದ ಆರಂಭದಲ್ಲಿ ವೈನ್ ಹೊರತಂದಾಗ ನಮ್ಮ ಊರಿನವರು ಸೈಕಲ್ ಏರಿ ಆ ತೋಟ ನೋಡಿ ಬಂದಿದ್ದೆವು. ಹಣ್ಣು ಸಣ್ಣದು, ಗೊಂಚಲು ಸಣ್ಣದು, ಇದನ್ನು ಯಾರು ತಿನ್ನುತ್ತಾರೆ ಎಂದು ನಮ್ಮ ತಂದೆ ಕೇಳಿದ್ದರು.

2004ರಲ್ಲಿ ನಾನೂ ಒಂದೂವರೆ ಎಕರೆಗೆ ಶಿರಾಜ್ ನೆಟ್ಟೆ. ಏಪ್ರಿಲ್‌ನಲ್ಲಿ ಹೊಸ ಕಡ್ಡಿ ಬೆಳೆಯಲೆಂದು ಒಮ್ಮೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಹಣ್ಣಿಗಾಗಿ ಮತ್ತೊಮ್ಮೆ ಬಳ್ಳಿ ಸವರುತ್ತೇವೆ. ಆ ಎರಡನೆಯ ಸವರುವಿಕೆಯ ಹಿಂದೆಯೇ ಹಿಂಗಾರಿನ ಮೋಡ ಕವಿದರೆ ಬೂಜು ರೋಗ. ಜನವರಿಯ ಚಳಿ ರಾತ್ರಿಗಳು ನಮ್ಮ ಭಾಗ್ಯ. ಹಗಲಿನ ಬಿಸಿಲಿನಲ್ಲಿ ಸಕ್ಕರೆ ಏರುತ್ತದೆ, ರಾತ್ರಿಯ ತಂಪಿನಲ್ಲಿ ಹುಳಿ ಉಳಿಯುತ್ತದೆ. ಫೆಬ್ರುವರಿ ಕೊನೆಗೆ ಬ್ರಿಕ್ಸ್, ಅಂದರೆ ರಸದಲ್ಲಿನ ಸಕ್ಕರೆಯ ಪ್ರಮಾಣ, ಅಳೆಯುವ ಕೊಳವೆಯ ಗಾಜಿನ ಮೇಲೆ ಎರಡು ಹನಿ ಹಿಂಡಿ, ಸೂರ್ಯನ ಕಡೆ ಹಿಡಿದು ನೋಡುತ್ತೇವೆ. 23 ದಾಟಿದರೆ ಕೊಯ್ಲು. ಬೆಳಗಿನ ಜಾವ ನಾಲ್ಕಕ್ಕೆ ತಲೆದೀಪ ಕಟ್ಟಿಕೊಂಡು ಕೊಯ್ಯಬೇಕು, ಬಿಸಿಲೇರುವ ಮೊದಲು ಹಣ್ಣು ವೈನರಿ ಸೇರಬೇಕು. ಹೆಚ್ಚು ಬೆಳೆದರೆ ವೈನರಿಯವರು ಒಪ್ಪುವುದಿಲ್ಲ, ಗೊಂಚಲುಗಳನ್ನು ನಾವೇ ಕಿತ್ತು ನೆಲಕ್ಕೆ ಹಾಕಿ ಇಳುವರಿ ತಗ್ಗಿಸಬೇಕು. ಹಸಿ ಗೊಂಚಲು ಕಿತ್ತು ಮಣ್ಣಿಗೆ ಹಾಕುವುದನ್ನು ಮೊದಲ ವರ್ಷ ನೋಡಿದ ನಮ್ಮ ತಾಯಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

2007ರಲ್ಲಿ ರಾಜ್ಯದಲ್ಲಿ ಎರಡು ಸಂಗತಿಗಳು ಆದವು. ಜುಲೈನಿಂದ ಸಾರಾಯಿ ನಿಷೇಧವಾಯಿತು. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು. ಸಾರಾಯಿ ಪ್ಯಾಕೆಟ್ಟಿಗೆ ನಮ್ಮ ಚಿಕ್ಕಪ್ಪನನ್ನು ಕಳೆದುಕೊಂಡವನು ನಾನು. ಅವರ ಹೆಂಡತಿ ಕೂಲಿ ಮಾಡಿ ಮೂರು ಮಕ್ಕಳನ್ನು ಸಾಕಿದರು. ಆದ್ದರಿಂದ ಕುಡಿತದ ಬಗ್ಗೆ ನಾನು ಹಗುರವಾಗಿ ಮಾತನಾಡುವವನಲ್ಲ. ವೈನ್ ನೀತಿ ಬಂದಾಗ ನಮಗೆ ಸಂತೋಷವಾದದ್ದು ರೈತರೆಂಬ ಕಾರಣಕ್ಕೆ. ವೈನ್ ಮಂಡಳಿ ಆಯಿತು, ದ್ರಾಕ್ಷಾರಸ ಉತ್ಸವಗಳು ನಡೆದವು. ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆ ಎಂಬ ಹೆಸರುಗಳು ಕೇಳಿಬಂದವು. ಮರುವರ್ಷ, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು, ನಮ್ಮ ಸುತ್ತಲಿನ ಭೂಮಿಯ ಬೆಲೆಯನ್ನು ಕೇಳುವುದೇ ಬೇಡ. ನನ್ನ ಅಕ್ಕಪಕ್ಕದ ಮೂರು ತೋಟಗಳು ಈಗ ನಿವೇಶನಗಳಾಗಿವೆ. ಬಳ್ಳಿ ಕಿತ್ತವರನ್ನು ನಾನು ದೂಷಿಸುವುದಿಲ್ಲ. ಸಾವಿರ ಅಡಿ ಕೊರೆಸಿದರೂ ನೀರು ಸಿಗದ ಊರಿನಲ್ಲಿ ದ್ರಾಕ್ಷಿ ಇಟ್ಟುಕೊಂಡು ಕೂರಲು ಏನಾದರೊಂದು ಆಸರೆ ಬೇಕು. ಆ ಆಸರೆ, ನಮ್ಮ ವೈನನ್ನು ನಮ್ಮ ಊರಿನ ಜನ ಊಟದ ಜೊತೆ ಕುಡಿಯುವುದು.

ಅವರು ಎಲ್ಲಿ ಕುಡಿಯಬೇಕು? ಬೆಂಗಳೂರಿನ ರಸ್ತೆಗಳಲ್ಲಿ 'ವೈನ್ಸ್' ಎಂದು ಬರೆದ ಫಲಕಗಳಿಗೆ ಕೊರತೆಯಿಲ್ಲ. ಒಳಗೆ ಹೋಗಿ ನೋಡಿ. ಬ್ರಾಂದಿ, ವಿಸ್ಕಿ, ರಮ್ಮು ಗೋಡೆ ತುಂಬ ಇರುತ್ತದೆ, ವೈನ್ ಒಂದು ಅರೆಯಲ್ಲಿ. ಆ ಅರೆಯೂ ಎಷ್ಟೋ ಕಡೆ ಟ್ಯೂಬ್‌ಲೈಟಿನ ಕೆಳಗೆ ಅಥವಾ ಸಂಜೆ ಬಿಸಿಲು ಬೀಳುವ ಗಾಜಿನ ಪಕ್ಕದಲ್ಲಿ ಇರುತ್ತದೆ. ಬಾಟಲಿ ನೆಟ್ಟಗೆ ನಿಂತಿರುತ್ತದೆ. ಕಾರ್ಕು ಒಣಗಿ ಕುಗ್ಗಿದರೆ ಗಾಳಿ ಒಳಗೆ ಹೋಗುತ್ತದೆ, ಏಪ್ರಿಲ್ ಬೇಗೆಗೆ ವೈನ್ ಬೆಂದುಹೋಗುತ್ತದೆ. ಅಂಥದನ್ನು ಕುಡಿದವರು ಕರ್ನಾಟಕದ ವೈನ್ ಹುಳಿ, ಕಹಿ ಎಂದು ತೀರ್ಮಾನ ಕೊಡುತ್ತಾರೆ. ರೆಸ್ಟೋರೆಂಟ್‌ಗಳಲ್ಲಿ ಲೋಟದ ಲೆಕ್ಕದಲ್ಲಿ ಕೊಡುವ ವೈನ್ ಅನೇಕ ಸಲ ಮೂರು ನಾಲ್ಕು ದಿನದ ಹಿಂದೆ ತೆರೆದದ್ದು. ಜಾಗ್ರತೆಯಿಂದ ಇಟ್ಟ ಬಾಟಲಿ ಮನೆಯಲ್ಲಿದ್ದರೆ ಅದನ್ನು ಒಳ್ಳೆಯ ಊಟವಿರುವ ಕಡೆಗೆ ಒಯ್ಯಬೇಕೆನಿಸುವುದು ಸಹಜ.

ಆ ಒಳ್ಳೆಯ ಊಟ ಇರುವುದಾದರೂ ಎಲ್ಲಿ? ನನ್ನ ಅನುಭವದಲ್ಲಿ ಶಿರಾಜ್‌ಗೆ ಮಟನ್ ಸಾರು, ಕೈಮಾ ಉಂಡೆಗಿಂತ ಸರಿಯಾದ ಜೋಡಿ ಇಲ್ಲ. ಲವಂಗ, ಚಕ್ಕೆ, ಕಾಳುಮೆಣಸು ಹುರಿದು ಅರೆದ ಮಸಾಲೆಗೂ ಆ ಹಣ್ಣಿಗೂ ಒಂದೇ ಮನೆತನ. ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನನ್ನು ತಣ್ಣಗೆ ಮಾಡಿ ನೀರುದೋಸೆ, ಬಂಗುಡೆ ಗಸಿಯ ಜೊತೆ ಕುಡಿದು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಆದರೆ ಬೆಂಗಳೂರಿನ ಮಿಲಿಟರಿ ಹೋಟೆಲುಗಳಿಗೆ, ಕರಾವಳಿ ಊಟದ ಸಣ್ಣ ಹೋಟೆಲುಗಳಿಗೆ ಮದ್ಯದ ಪರವಾನಗಿ ಎಲ್ಲಿಂದ ಬರಬೇಕು? 1992ರಿಂದ ಹೊಸದಾಗಿ ಸಿಎಲ್-2 (ಮದ್ಯದಂಗಡಿ), ಸಿಎಲ್-9 (ಬಾರ್ ಮತ್ತು ರೆಸ್ಟೋರೆಂಟ್) ಪರವಾನಗಿ ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಇರುವ ಪರವಾನಗಿಗಳೇ ದೊಡ್ಡ ಮೊತ್ತಕ್ಕೆ ಕೈ ಬದಲಾಗುತ್ತ ಬಂದಿವೆ. ಎಂಟು ಮೇಜಿನ ಹೋಟೆಲಿನವರು ಆ ಕಡೆ ತಲೆ ಹಾಕುವಂತಿಲ್ಲ. ಪರವಾನಗಿ ಇಲ್ಲದ ಕಡೆ ನಾವು ಬಾಟಲಿ ತೆರೆದರೆ ಹೋಟೆಲಿನವರಿಗೂ ನಮಗೂ ಕೇಸು.

ನನ್ನ ಹೆಂಡತಿಯ ತಮ್ಮ ಮೆಲ್ಬರ್ನ್‌ನಲ್ಲಿದ್ದಾರೆ. 2018ರಲ್ಲಿ ಅಲ್ಲಿಗೆ ಹೋದಾಗ ನಮ್ಮನ್ನು ಒಂದು ಸಣ್ಣ ವಿಯೆಟ್ನಾಂ ಊಟದ ಹೋಟೆಲಿಗೆ ಕರೆದುಕೊಂಡು ಹೋದರು. ಬಾಗಿಲಿನ ಗಾಜಿನ ಮೇಲೆ ದೊಡ್ಡದಾಗಿ 'ಬಿವೈಒ' ಎಂದು ಬರೆದಿತ್ತು, ಅಂದರೆ ನಿಮ್ಮದನ್ನು ನೀವೇ ತನ್ನಿ. ಕೆಳಗೆ ತಲೆಗೆ ಎಷ್ಟು ಡಾಲರ್ ಎಂದೂ ಬರೆದಿತ್ತು. ವಿಕ್ಟೋರಿಯಾ ರಾಜ್ಯದಲ್ಲಿ ಇದಕ್ಕೆಂದೇ ಸರ್ಕಾರದ ಪ್ರತ್ಯೇಕ ಅನುಮತಿ ಪತ್ರವಿದೆ. ಪಕ್ಕದ ಮೇಜಿನಲ್ಲಿ ಅಜ್ಜ ಅಜ್ಜಿ ಇಬ್ಬರೇ ಒಂದು ಬಾಟಲಿ ತಂದು, ಅರ್ಧ ಕುಡಿದು, ಉಳಿದದ್ದಕ್ಕೆ ಮುಚ್ಚಳ ಹಾಕಿಕೊಂಡು ಮನೆಗೆ ಹೋದರು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವೈನ್ ಮಾರಾಟದ ಬಹುಪಾಲು ಸರ್ಕಾರಿ ಮಳಿಗೆಗಳಲ್ಲೇ ನಡೆಯುತ್ತದೆ, ರೆಸ್ಟೋರೆಂಟ್ ಪರವಾನಗಿಗಳಿಗೂ ಜನಸಂಖ್ಯೆಯ ಲೆಕ್ಕದಲ್ಲಿ ಮಿತಿಯಿದೆ. ಪರವಾನಗಿ ದುಬಾರಿಯಾದ ಕಾರಣಕ್ಕೇ ಅಲ್ಲಿನ ಫಿಲಡೆಲ್ಫಿಯಾ ನಗರದಲ್ಲಿ ಬಾಟಲಿ ತರಲು ಬಿಡುವ ಸಣ್ಣ ಹೋಟೆಲುಗಳು ಹುಟ್ಟಿಕೊಂಡು, ಊರಿನ ಊಟಕ್ಕೇ ಹೆಸರು ತಂದವು. ನಮ್ಮಲ್ಲೂ ಸಗಟು ವ್ಯಾಪಾರ 2003ರಲ್ಲಿ ಸ್ಥಾಪನೆಯಾದ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ, ನಮ್ಮಲ್ಲೂ ಪರವಾನಗಿ ಬಿಗಿ. ಹಾಗಿರುವಾಗ ಆ ದಾರಿ ನಮಗೇಕೆ ಬೇಡ?

ಅಬಕಾರಿ ಇಲಾಖೆಯವರು ತೆರಿಗೆ ಸೋರುತ್ತದೆ ಎನ್ನಬಹುದು. ಅಂಗಡಿಯಲ್ಲಿ ಕೊಂಡ ಬಾಟಲಿಗೆ ತೆರಿಗೆ ಆಗಲೇ ಸಂದಿದೆ. ರಾಜ್ಯದಲ್ಲಿ ಮಾರಾಟವಾಗುವ ಬಾಟಲಿಯ ಮೇಲೆ ಇಲಾಖೆಯದೇ ಅಬಕಾರಿ ಚೀಟಿ ಅಂಟಿರುತ್ತದೆ, ಗೋವಾದ ಬಾಟಲಿಯನ್ನೂ ಇಲ್ಲಿನ ಬಾಟಲಿಯನ್ನೂ ಬೇರ್ಪಡಿಸಲು ಅದೊಂದು ಸಾಕು. ಮುನ್ನೂರು ಜನರ ಆರತಕ್ಷತೆಯಲ್ಲಿ ಮದ್ಯ ಬಡಿಸಲು ಸಿಎಲ್-5 ಎಂಬ ಒಂದು ದಿನದ ಪರವಾನಗಿಯನ್ನು ಇದೇ ಇಲಾಖೆ ಕೊಡುತ್ತದೆ. ನಾಲ್ಕು ಜನರ ಊಟದ ಮೇಜಿನ ಒಂದು ಬಾಟಲಿಗೆ ದಾರಿ ಹುಡುಕುವುದು ಅದಕ್ಕಿಂತ ಕಷ್ಟವಾಗಲಾರದು.

ಹೋಟೆಲಿನವರ ಕಷ್ಟವನ್ನೂ ನಾನು ಬಲ್ಲೆ. ಬಾಡಿಗೆ, ಸಂಬಳ, ಪರವಾನಗಿ ಶುಲ್ಕ ಎಲ್ಲವನ್ನೂ ಅವರು ಮದ್ಯದ ಲಾಭದಲ್ಲೇ ಸರಿದೂಗಿಸುತ್ತಾರೆ. ತೆಳು ಗಾಜಿನ ಒಂದು ಲೋಟ ಒಡೆದರೆ ಅವರದೇ ನಷ್ಟ. ಅವರ ಪಟ್ಟಿಯಲ್ಲೇ ಇರುವ ವೈನನ್ನು ಹೊರಗೆ ಅಗ್ಗವಾಗಿ ಕೊಂಡು ಒಳಗೆ ತರುವುದು ಸಭ್ಯತೆಯಲ್ಲ, ಅದನ್ನು ಬೇಡವೆನ್ನುವ ಹಕ್ಕು ಅವರಿಗಿರಲಿ. ಶುಲ್ಕವನ್ನೂ ಅವರೇ ನಿರ್ಧರಿಸಲಿ. ಆದರೆ ಅದು ಮೆನು ಪಟ್ಟಿಯಲ್ಲಿ, ಕನ್ನಡದಲ್ಲಿ, ಅಂಕಿಯಲ್ಲಿ ಅಚ್ಚಾಗಿರಲಿ. ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾರ್ಕೇಜ್ ಬೇರೆ ಬಗೆಯದು ನಿಜ. ಆದರೂ ಗ್ರಾಹಕನಿಗೆ ಮೊದಲೇ ತಿಳಿಸದೆ ಹಣ ಕೀಳಬಾರದೆಂಬ ನ್ಯಾಯ ಎರಡಕ್ಕೂ ಒಂದೇ.

ನಾನು ಕೇಳುವುದು ಇಷ್ಟು. ಅಬಕಾರಿ ಇಲಾಖೆ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಲಿ. ಪರವಾನಗಿ ಇರುವ ರೆಸ್ಟೋರೆಂಟ್‌ಗೆ ಗ್ರಾಹಕರು ಮೇಜಿಗೊಂದರಂತೆ, ಅಬಕಾರಿ ಚೀಟಿ ಅಂಟಿದ, ಮುಚ್ಚಳ ತೆರೆಯದ ವೈನ್ ಬಾಟಲಿಯನ್ನು ಖರೀದಿಯ ಬಿಲ್ ಸಹಿತ ತರಬಹುದು ಎಂದು ಅದರಲ್ಲಿ ಬರೆಯಲಿ. ವೈನ್ ಮಾತ್ರ. ವಿಸ್ಕಿ, ಬ್ರಾಂದಿಗೆ ಈ ಅವಕಾಶ ಬೇಡ, ನೂರಕ್ಕೆ ಹನ್ನೆರಡು ಹದಿಮೂರು ಭಾಗ ಮದ್ಯಸಾರವಿರುವ ಪಾನೀಯಕ್ಕೂ ನಲವತ್ತಮೂರರ ಹತ್ತಿರ ಇರುವುದಕ್ಕೂ ಒಂದೇ ಅಳತೆ ಸಲ್ಲದು. ಎರಡನೆಯ ಹೆಜ್ಜೆಯಾಗಿ, ಊಟವೇ ಮುಖ್ಯವಾಗಿರುವ ಸಣ್ಣ ಹೋಟೆಲುಗಳಿಗೆ ಮಾರಾಟದ ಹಕ್ಕಿಲ್ಲದ, ಬರಿಯ ಬಾಟಲಿ ತೆರೆಯುವ ಅನುಮತಿಯೊಂದನ್ನು ಸಾಧಾರಣ ಶುಲ್ಕಕ್ಕೆ ಕೊಡಲಿ. ಮೊದಲು ಕರ್ನಾಟಕದಲ್ಲಿ ಬೆಳೆದ ದ್ರಾಕ್ಷಿಯ ವೈನ್‌ಗಷ್ಟೇ ಸೀಮಿತಗೊಳಿಸಿ ನೋಡಿದರೂ ನನ್ನ ಒಪ್ಪಿಗೆಯಿದೆ. ಶಾಲೆ, ದೇವಸ್ಥಾನದ ಹತ್ತಿರ ಬೇಡವೆಂದರೆ ಅದೂ ಸರಿ. ಅರ್ಧ ಉಳಿದ ಬಾಟಲಿಗೆ ಮುಚ್ಚಳ ಹಾಕಿ ಮನೆಗೆ ಒಯ್ಯಲು ಬಿಡಬೇಕು, ಇಲ್ಲವಾದರೆ ಕೊಟ್ಟ ಹಣಕ್ಕೆಂದು ಜನ ಪೂರ್ತಿ ಕುಡಿದೇ ಏಳುತ್ತಾರೆ. ಕುಡಿದವರು ವಾಹನ ಮುಟ್ಟಕೂಡದು, ಅದರಲ್ಲಿ ಯಾವ ರಿಯಾಯಿತಿಯೂ ಬೇಡ. ಆ ರಾತ್ರಿ ನಾವೂ ಟ್ಯಾಕ್ಸಿಯಲ್ಲೇ ಮನೆಗೆ ಬಂದೆವು.

ಕುಡಿತಕ್ಕೆ ಇನ್ನೊಂದು ಬಾಗಿಲು ತೆರೆದಂತಾಗುತ್ತದೆ ಎಂದು ಬೇಸರಪಡುವ ತಾಯಂದಿರ ಮಾತನ್ನು ನಾನು ತಳ್ಳಿಹಾಕಲಾರೆ. ನಮ್ಮ ಚಿಕ್ಕಮ್ಮ ಈಗಲೂ ನನ್ನ ತೋಟಕ್ಕೆ ಕಾಲಿಡುವುದಿಲ್ಲ. ಅವರಿಗೆ ನಾನು ಹೇಳಿರುವುದನ್ನೇ ಇಲ್ಲೂ ಹೇಳುತ್ತೇನೆ. ಚಿಕ್ಕಪ್ಪ ಕುಡಿದದ್ದು ಗಡಂಗಿನ ಹಿಂದೆ ನಿಂತು, ಹೊಟ್ಟೆಗೆ ಅನ್ನವಿಲ್ಲದೆ, ಒಂದೇ ಗುಟುಕಿಗೆ. ಹೆಂಡತಿ ಮಕ್ಕಳ ಎದುರು ಬೆಳಕಿನಲ್ಲಿ ಕುಳಿತು, ತುತ್ತಿನ ನಡುವೆ ಒಂದು ಗುಟುಕು ಕುಡಿಯುವವನನ್ನು ಅವರು ಒಮ್ಮೆಯಾದರೂ ನೋಡಬೇಕೆಂದು ನನ್ನ ಆಸೆ. ಅವರು ಇನ್ನೂ ಒಪ್ಪಿಲ್ಲ.

ಇನ್ನು ಐದು ಬಾಟಲಿಗಳು ಆ ಕತ್ತಲೆ ಕೋಣೆಯಲ್ಲಿವೆ. ಒಂದು ಮಗಳ ಮದುವೆಯ ಮಾತುಕತೆ ಮುಗಿದ ದಿನಕ್ಕೆ. ಉಳಿದವನ್ನು ಎಲ್ಲಿ ತೆರೆಯಬಹುದೆಂದು ಇಲಾಖೆ ಹೇಳಬೇಕು.

ವೈನರಿಯ ಖರೀದಿ ಬಿಲ್ಲನ್ನೂ ಆ ರಾತ್ರಿಯ ಊಟದ ಬಿಲ್ಲನ್ನೂ ನಕಲು ಮಾಡಿಸಿ ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ, ಇನ್ನೊಂದು ಪ್ರತಿಯನ್ನು ಅಬಕಾರಿ ಆಯುಕ್ತರ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ನೀವು ನೋಡಿಕೊಂಡರೆ ಸಾಕು, ರೆಸ್ಟೋರೆಂಟಿನ ಹೆಸರನ್ನು ದಯವಿಟ್ಟು ಪ್ರಕಟಿಸಬೇಡಿ. ಊಟದ ಬಿಲ್ಲಿನಲ್ಲಿ ಬಡಿಸಿದವರ ಹೆಸರೂ ಅಚ್ಚಾಗಿದೆ. ಕಾರ್ಕು ಮುರಿದದ್ದಕ್ಕೆ ಆ ಹುಡುಗನ ಕೆಲಸಕ್ಕೆ ಕುತ್ತು ಬರಬಾರದು.

ಇಂತಿ ತಮ್ಮ ವಿಶ್ವಾಸಿ,
ದೊಡ್ಡಬಳ್ಳಾಪುರ ತಾಲ್ಲೂಕಿನ ಒಬ್ಬ ದ್ರಾಕ್ಷಿ ಬೆಳೆಗಾರ
ಯಲಹಂಕ ಉಪನಗರ, ಬೆಂಗಳೂರು